ತೂಕದ ಕಲ್ಲು

ಕೌಲ್‌ಬಜಾರಿನ ನಮ್ಮ ಅಂಗಡಿಗೆ ಕರೆಂಟಿನ ತಕ್ಕಡಿ ಬಂದಮೇಲೆ
ಹಳೆಯ ಕಬ್ಬಿಣದ ಕಲ್ಲುಗಳು ಬಾಗಿಲಿಗೆ ಅಡ್ಡ ಕೂತಿದ್ದವು.
ಎರಡು ಕಿಲೋ, ಒಂದು, ಅರ್ಧ.
ಈಗ ಅವಕ್ಕೆ ಮತ್ತೆ ಕೆಲಸ.

ಸಕ್ಕರೆ ಇನ್ನೂರೈವತ್ತು ದಾಟಿದ ದಿನ
ಡಾಕ್ಟರು ಯರ್ರಿಸ್ವಾಮಿಗೆ ಅಂದರು: "ನಡೀರಿ,
ಬೆನ್ನಿಗಿಷ್ಟು ಭಾರ ಕಟ್ಟಿಕೊಂಡು ನಡೀರಿ."
ಒಬ್ಬನೇ ಹೋಗಲು ನಾಚಿಕೆ ಅವನಿಗೆ.
ಮನೆಮಂದಿಗೆಲ್ಲ ಚೀಲ ಹೊಲಿದೆ,
ನಮ್ಮ ಜೀನ್ಸ್ ಯುನಿಟ್ಟಿನ ಕಟ್‌ಪೀಸಿನಲ್ಲಿ.
ಗಾದಿಲಿಂಗನ ಚೀಲಕ್ಕೆ ಯಾರದೋ ಪ್ಯಾಂಟಿನ
ಹಿಂಜೇಬು ಹಾಗೇ ಉಳಿಯಿತು.

ಕತ್ತಲಿರುವಾಗಲೇ ಹೊರಡಬೇಕು. ಇದು ಬಳ್ಳಾರಿ,
ಏಳು ಹೊಡೆದರೆ ಗುಡ್ಡದ ಬಂಡೆ
ರೊಟ್ಟಿ ಹೆಂಚು.

ಕಟ್ಟೆಯ ಮೇಲೆ ಕೂತ ಅತ್ತೆ ನಕ್ಕೇ ನಕ್ಕಳು:
"ಕೂಲಿ ಯಾರು ಕೊಡ್ತಾರಪ ನಿಮಗ?"
ಸಂಡೂರಿನ ಕಡೆ ಹನ್ನೊಂದು ವರ್ಷ
ಅದಿರು ಹೊತ್ತವಳು.
ಬುಟ್ಟಿಗೊಂದು ತಗಡಿನ ಬಿಲ್ಲೆ,
ಸಂಜೆ ಬಿಲ್ಲೆ ಎಣಿಸಿ ರೊಕ್ಕ.
"ದಿನಕ್ಕೆಷ್ಟು ಹೆಜ್ಜೆ ಅಜ್ಜಿ?" ಗಾದಿಲಿಂಗ ಫೋನು ಹಿಡಿದು ಕೇಳಿದ.
"ಹೆಜ್ಜಿಗೆ ಬಿಲ್ಲೆ ಕೊಡ್ತಿದ್ದಿಲ್ಲಲೇ."

ಮೂರನೆಯ ದಿನ ನನ್ನ ಸೊಂಟ ಹಿಡಿಯಿತು.
ಆಗ ಮಾತ್ರ ನಗಲಿಲ್ಲ. ಎದ್ದು ಬಂದು
ಕಲ್ಲುಗಳನ್ನು ಹಳೇ ಟವೆಲ್ಲಿನಲ್ಲಿ ಬಿಗಿಯಾಗಿ ಸುತ್ತಿ,
ಪಟ್ಟಿ ಎಳೆದು ಗಂಟು ಹಾಕಿ,
ಭಾರವನ್ನು ಹೆಗಲ ನಡುವಿಗೆ ಏರಿಸಿದಳು.
"ಜೋತಾಡೋ ಭಾರ ಎರಡು ಭಾರ."
ಬೆರಳಿನಿಂದ ಬೆನ್ನ ಮೇಲೊಂದು ಜಾಗ ಒತ್ತಿ, "ಇಲ್ಲಿ" ಎಂದಳು.
ಅವಳ ಜಾಗ ಬೇರೆ. ಎಣ್ಣೆ ಹಚ್ಚುವಾಗ ನೋಡಿದ್ದೇನೆ:
ನೆತ್ತಿಯಲ್ಲಿ ರೂಪಾಯಿಯಗಲ
ಕೂದಲು ಇನ್ನೂ ಹುಟ್ಟಿಲ್ಲ.

ಭಾನುವಾರ ತಾನೂ ಬಂದಳು. ಚೀಲ ಚಾಚಿದರೆ
"ನಂದು ಮುಗದೈತಿ" ಅಂದು
ಎರಡೂ ಕೈ ಬೀಸುತ್ತ ಮೆಟ್ಟಿಲು ಹತ್ತಿದಳು.
ಕೋಟೆಯ ಅರ್ಧದಲ್ಲಿ ಗಾದಿಲಿಂಗನ ಗುಟ್ಟು ರಟ್ಟಾಯಿತು.
ಎಲ್ಲರಿಗಿಂತ ಉಬ್ಬಿದ ಅವನ ಚೀಲದ ತುಂಬ
ಬರೀ ಮಂಡಾಳು!
ಬೈಯಲೆಂದು ಯರ್ರಿಸ್ವಾಮಿ ಬಾಯಿ ತೆರೆದ,
ತೆರೆದ ಬಾಯಿಗೆ ಅವ್ವ ಒಂದು ಹಿಡಿ ಸುರಿದಳು.

ಕೆಳಗೆ ಊರಿನ ದೀಪಗಳು ಒಂದೊಂದಾಗಿ ಆರುತ್ತಿದ್ದವು.
ಇಳಿಯುವಾಗ ಮೊಣಕಾಲು ನಡುಗಿ
ನಾವು ಮೆಟ್ಟಿಲಿಗೊಮ್ಮೆ ನಿಂತೆವು.
ಅತ್ತೆ ಆಗಲೇ ಕೆಳಗಿನ ತಿರುವಿನಲ್ಲಿ.
ನಮಗಾಗಿ ಕಾಯುತ್ತ,
ಖಾಲಿ ಕೈ ಎಲ್ಲಿಡಬೇಕೋ ತಿಳಿಯದೆ
ಒಮ್ಮೆ ಸೊಂಟಕ್ಕೆ ಕೊಟ್ಟಳು,
ಒಮ್ಮೆ ನೆತ್ತಿಯ ಮೇಲಿಟ್ಟುಕೊಂಡಳು.