ಎಪ್ಪತ್ತೈದರಲ್ಲಿ ಇಪ್ಪತ್ತಮೂರನೆಯದು

ಜೆಪ್ಪುವಿನ ಹಂಚಿನ ಕಾರ್ಖಾನೆಗೆ ಬೀಗ ಬಿದ್ದು
ಹದಿನೆಂಟು ವರ್ಷ.
ಹಸಿಹಂಚು ಒಣಗಿಸುತ್ತಿದ್ದ ಶೆಡ್ಡಿನಲ್ಲಿ ಈಗ
ಗೋಡೆಗೆ ಬಿಳಿ ಸುಣ್ಣ, ಮೂಲೆಗೆ ಸ್ಟ್ಯಾಂಡ್ ಫ್ಯಾನು,
ಬಾಗಿಲಲ್ಲಿ ಸ್ಟೂಲು ಹಾಕಿ ನಾನು,
ಮುಟ್ಟಬೇಡಿ ಎನ್ನುವುದಕ್ಕೆ.

ಯಾವುದೋ ದೇಶದಲ್ಲಿ ಯಾವಾಗಲೋ ತೀರಿಹೋದವನ ಚಿತ್ರಗಳು.
ಅವನ ಹೆಸರು ನನ್ನ ನಾಲಿಗೆಯಲ್ಲಿ ಮಡಚುವುದಿಲ್ಲ.
ವೆನಿಲ್ಡಾ, ಇದನ್ನೆಲ್ಲ ತೂಗುಹಾಕಿಸಿದ ಹುಡುಗಿ,
ಎರಡು ಸಲ ಹೇಳಿಕೊಟ್ಟಳು:
ಕಂಡ ಕನಸನ್ನು ತಾಮ್ರದ ತಗಡಿಗೆ ಗೀರಿ
ಆಸಿಡ್ಡಿಗೆ ಅದ್ದಿ, ಮಸಿ ತುಂಬಿ, ಕಾಗದ ಹೊದಿಸಿ
ಪ್ರೆಸ್ಸಿಗೆ ಕೊಡುವುದಂತೆ.
ಪ್ರೆಸ್ಸು ಅಂದಾಗ ಮಾತ್ರ ನಾನು ತಲೆ ಎತ್ತಿದೆ.

ಒಂದರಲ್ಲಿ ಮೇಜಿಗೆ ಮೀನಿನ ಕಿವಿರು. ಉಸಿರಾಡುತ್ತಾ ಉಂಟು.
ಒಂದರಲ್ಲಿ ಕೈಗವಸು ಮೊಟ್ಟೆಗೆ ಕಾವು ಕೂತಿದೆ.
ಮತ್ತೊಂದರಲ್ಲಿ ಹೆಂಗಸಿನ ಬೆನ್ನು, ಬೆನ್ನಲ್ಲಿ ಏಳು ಕಿಟಕಿ,
ಆರಕ್ಕೆ ಪರದೆ,
ಏಳನೆಯದರಿಂದ ಯಾರೋ ನೀರು ಚೆಲ್ಲುತ್ತಿದ್ದಾರೆ.

ರಿಟೈರಾದ ಬ್ಯಾಂಕ್ ಮ್ಯಾನೇಜರೊಬ್ಬರು
ಅರ್ಥ ಕೇಳಿದ್ದು ನನ್ನಲ್ಲಿ.
ಇದು ಮೀನಾದ ಮೇಜೋ, ಮೇಜಾದ ಮೀನೋ?
ಬೆಳಿಗ್ಗೆ ಐದಕ್ಕೆ ದಕ್ಕೆಗೆ ಹೋಗಿ, ಎರಡೂ ಉಂಟು, ಎಂದೆ.
ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಆ ಬೆನ್ನು ನನಗೆ ಗೊತ್ತು ಮಾರಾಯ್ರೆ.
ಸಲೋಮಿ ಅಕ್ಕನದು.
ಒಂದು ಸಲಕ್ಕೆ ಹತ್ತು ಹಸಿಹಂಚು ಹೊತ್ತು
ಏಣಿ ಹತ್ತುತ್ತಿದ್ದವಳು.
ರಾತ್ರಿ ಬಚ್ಚಲಲ್ಲಿ ಬಿಸಿನೀರು ಹೊಯ್ದು
ನಾನೇ ತಿಕ್ಕಿದ ಬೆನ್ನು, ಆದರೂ
ಕಿಟಕಿಗಾಗಿ ತಡಕಿದವಳಲ್ಲ.

ಪ್ರತಿ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ
ಇಪ್ಪತ್ತಮೂರು, ಒಂದು ಗೀಟು, ಎಪ್ಪತ್ತೈದು.
ಎಪ್ಪತ್ತೈದು ಒತ್ತಿ ಆದ ಮೇಲೆ
ತಗಡಿನ ಮೇಲೆ ಅಡ್ಡಗೀರು ಎಳೆದು ಬಿಡುತ್ತಾರಂತೆ,
ಇನ್ನೊಂದು ಹುಟ್ಟದ ಹಾಗೆ.

ನಾವು ದಿನಕ್ಕೆ ಒಂಬತ್ತು ಸಾವಿರ ಒತ್ತಿದವರು.
ಗುರುಪುರದ ಹೊಳೆಮಣ್ಣು, ಬೀಜಾಡಿಯ ಕೊರಗಪ್ಪಣ್ಣನ ಹಿಡಿಕೆ,
ಎಲ್ಲಕ್ಕೂ ಒಂದೇ ನಕ್ಷತ್ರದ ಮುದ್ರೆ,
ಒಂದಕ್ಕೂ ಅಂಕೆ ಇಲ್ಲ.
ನನ್ನ ಕೆಲಸ ಅಂಚು.
ಅಚ್ಚಿನಾಚೆ ಉಕ್ಕಿದ ಮಣ್ಣನ್ನು
ತಂತಿ ಹಿಡಿದು ಸವರುವುದು, ಮೂವತ್ತು ವರ್ಷ.
ಇಲ್ಲಿ ಕಾಗದದ ಅಂಚು ಹರಕು ಹರಕು,
ಬೇಕೆಂದೇ ಬಿಟ್ಟದ್ದಂತೆ!
ನಮ್ಮ ಮೇಸ್ತ್ರಿ ಕಂಡಿದ್ದರೆ
ಎಪ್ಪತ್ತೈದಕ್ಕೂ ಕೂಲಿ ಮುರಿಯುತ್ತಿದ್ದ.

ಆದರೂ ಒಂದು ಹೇಳುತ್ತೇನೆ.
ಒಂದು ದಿನ ಒಣಹಾಕಿದ ಹಲಗೆಯ ಮೇಲೆ
ಬೆಕ್ಕು ನಡೆದುಹೋಯಿತು.
ಹಸಿಹಂಚಿನಲ್ಲಿ ಮೂರು ಹೆಜ್ಜೆ.
ನಾಲ್ಕನೆಯದಿಲ್ಲ,
ಅಷ್ಟರಲ್ಲಿ ಎಲ್ಲಿಗೋ ಹಾರಿರಬೇಕು.
ಮುದ್ದೆ ಮಾಡಿ ಮತ್ತೆ ಮಣ್ಣಿಗೆ ಹಾಕಬೇಕಾದ್ದನ್ನು
ಅಂಚು ಸವರಿ
ಭಟ್ಟಿಗೆ ಕಳಿಸಿಬಿಟ್ಟೆ.
ಯಾಕೆಂದು ಕೇಳಬೇಡಿ.
ಅವನನ್ನು ಯಾರೂ ಕೇಳುವುದಿಲ್ಲವಲ್ಲ.

ಬೆಂದು ಕೆಂಪಾಗಿ ಬಂದದ್ದನ್ನು ನಾನು ನೋಡಲಿಲ್ಲ.
ಅದೇ ವಾರ ಕೊಚ್ಚಿಗೊಂದು ಲೋಡು ಹೋಯಿತು,
ಮೊಂಬಾಸಕ್ಕೆ ಹಡಗು ಹೋಯಿತು,
ಈ ಶೆಡ್ಡಿನ ಮಾಡಿಗೂ ನೂರಿನ್ನೂರು ಹಂಚು ಬದಲಿಸಿದರು.
ಹೆಜ್ಜೆ ಬಿದ್ದದ್ದು ಹಂಚಿನ ಹೊರಮೈಗೋ ಒಳಮೈಗೋ,
ಈಗ ನೆನಪಿಲ್ಲ.
ಒಳಮೈಗಾದರೆ
ಎಲ್ಲೋ ಯಾರದೋ ಮಂಚದ ಮೇಲೆ
ತಲೆಕೆಳಗಾಗಿ ನಡೆಯುತ್ತಾ ಉಂಟು ಅದು,
ಬೀಳದೆ.

ಆರೂವರೆಗೆ ಫ್ಯಾನು ನಿಲ್ಲಿಸಿ
ದೀಪ ಒಂದೊಂದೇ ಆರಿಸುವಾಗ
ಗಾಜಿನ ಹಿಂದೆ ಮೇಜು ಒಂದು ಉಸಿರು ಬಿಡುತ್ತದೆ.
ನಾನು ಕತ್ತೆತ್ತಿ ಮಾಡಿನ ಅಡಿ ನೋಡುತ್ತಾ,
ಸಾಲು ಸಾಲು,
ಪಕಾಸಿಯಿಂದ ಪಕಾಸಿಗೆ.

ಎಂತ ಹುಡುಕುವುದಕ್ಕಾ? ವೆನಿಲ್ಡಾ ಕೇಳಿದಳು,
ಚಪ್ಪಲಿ ಮೆಟ್ಟುತ್ತಾ.
ಬೆಕ್ಕು, ಎಂದೆ.
ಪಾಪದ ಹುಡುಗಿ, ಬಗ್ಗಿ
ಸ್ಟೂಲಿನ ಅಡಿಯಲ್ಲಿ, ಪರದೆಯ ಹಿಂದೆ
ಪುಚ್ಚೆ ಪುಚ್ಚೆ ಎಂದು ಕರೆಯತೊಡಗಿದಳು.