ಡ್ರೈವರ್ ಸಿಗಲಿಲ್ಲ

ಶಿಡ್ಲಘಟ್ಟ, ರಾತ್ರಿ ಹನ್ನೊಂದೂ ಕಾಲು.
ಅರ್ಧ ಎಳೆದ ಶಟರಿನಾಚೆ
ವೆಂಕಟರವಣಪ್ಪನ ಚಪ್ಪಲಿ; ಒಳಗೆ ಅವನು,
ಸ್ಟೂಲಿನ ತುದಿಯಲ್ಲಿ, ಬೋಳಿಸಿದ ತಲೆಗೆ ಟವೆಲು ಸುತ್ತಿ.
ಬೆಳಿಗ್ಗೆ ಆರಕ್ಕೆ ಬ್ಯಾನರು ಬೇಕು,
ಆರಡಿ, ನಾಲ್ಕಡಿ. ಮೇಲೆ ವೈಕುಂಠ ಸಮಾರಾಧನೆ,
ನಡುವೆ ಅವರಮ್ಮ ಅಕ್ಕಾಯಮ್ಮ.

ಮುಖ ಡಿಸ್ಕಿನಲ್ಲಿದೆ. ಮಧ್ಯಾಹ್ನವೇ
ಹಿಂದಿದ್ದ ಬೀರು, ಕ್ಯಾಲೆಂಡರು, ಯಾರದೋ ಭುಜ
ಎಲ್ಲ ಕತ್ತರಿಸಿ ತೆಗೆದು ಸೇವ್ ಮಾಡಿದ್ದೆ.
ಆಮೇಲೆ, ಕೈ ಸುಮ್ಮನಿರದೆ,
ಅಪ್‌ಡೇಟ್ ಒತ್ತಿದೆ.

ಈಗ ಪರದೆ ಕಪ್ಪು.
ಫ್ಯಾನು ತಿರುಗುತ್ತದೆ, ಕೀಬೋರ್ಡಿನ ದೀಪ ಹತ್ತುತ್ತದೆ,
ಒಳಗೆ ಯಾರೋ ಎದ್ದು ಓಡಾಡುವ ಸದ್ದು,
ಬಾಗಿಲು ಮಾತ್ರ ತೆಗೆಯುವುದಿಲ್ಲ.

"ಏನಾಯ್ತಮ್ಮ ಮುಬೀನಾ?"
"ಗ್ರಾಫಿಕ್ಸ್ ಕಾರ್ಡಿಗೆ ಡ್ರೈವರ್ ಸಿಗ್ತಿಲ್ಲ ಅಣ್ಣ."
ಬಹಳ ಹೊತ್ತು ಯೋಚಿಸಿದ.
"ನಮ್ಮ ಷಡ್ಡಕ ಇದಾನೆ, ದಿಬ್ಬೂರಹಳ್ಳಿಯೋನು,
ಕ್ಯಾಂಟರ್ ಓಡಿಸ್ತಾನೆ. ಕರೆಸಲಾ?"
ನಗಬಾರದ ರಾತ್ರಿ. ನಕ್ಕುಬಿಟ್ಟೆ.
ಯಾಕೆಂದು ತಿಳಿಯದೆ ಅವನೂ ಸ್ವಲ್ಪ ನಕ್ಕ.

ಕಂಟ್ರೋಲ್, ಆಲ್ಟ್, ಎಫ್ ಮೂರು.
ಕಪ್ಪಿನ ಮೇಲೆ ಬಿಳಿ ಅಕ್ಷರ ಬಂದು
ಹೆಸರು ಕೇಳಿತು, ಗುಟ್ಟು ಕೇಳಿತು.
ಚಿತ್ರವಿಲ್ಲದ ಊರು ಇದು,
ಇಲ್ಲಿ ಎಲ್ಲವನ್ನೂ ಹೆಸರು ಹಿಡಿದೇ ಕರೆಯಬೇಕು.
ಕರೆದೆ. 'ಅಕ್ಕಾಯಮ್ಮ ಫೈನಲ್ ಎರಡು,
ನಾಲ್ಕು ಎಂಬಿ' ಎಂದಿತು.
ಇದ್ದಾಳೆ. ಕಾಣುವುದಿಲ್ಲ.

ನನಗೇನೋ ಕಾಣುತ್ತಾಳೆ.
ನಮ್ಮಪ್ಪನ ಚರಕದ ಮನೆಯಲ್ಲಿ
ಹತ್ತೊಂಬತ್ತು ವರ್ಷ ಬಾಣಲೆ ಮುಂದೆ ಕೂತವಳು.
ಬೆಂದ ಗೂಡಿನ ಮೈಮೇಲೆ ಬೆರಳಾಡಿಸಿ
ಎಳೆಯ ತುದಿ ಹಿಡಿಯುವಳು;
ಸ್ಕೂಲಿಂದ ಬಂದು ನಾನೂ ಕೈ ಹಾಕಿದರೆ ಗದರುವಳು:
"ಮೊದಲು ಬರೋದು ಕಸ ಕಣೇ, ಎಳೆ ಅಲ್ಲ. ಕಿತ್ತು ಬಿಸಾಕು."

ಲಾಗಿನಲ್ಲಿ ಸಾವಿರ ಸಾಲು.
ಬ್ಲೂಟೂತಿನ ಗೊಣಗಾಟ. ಕಸ.
ಇಲ್ಲದ ವೆಬ್‌ಕ್ಯಾಮಿನ ದೂರು. ಕಸ.
ನುವೋ ಎಂಬ ಬಿಟ್ಟಿ ಡ್ರೈವರನ್ನು
ಎರಡು ವರ್ಷದ ಕೆಳಗೆ ಹೊಸಿಲಲ್ಲೇ ತಡೆದವಳು ನಾನೇ,
ಈಗ ಆ ಹೊಸಿಲು ದಾಟಲು ಅವನೂ ಇಲ್ಲ, ಇವನೂ ಇಲ್ಲ.
ಆಮೇಲೆ ಒಂದು ಸಾಲು ಕೈಗೆ ಹತ್ತಿತು,
ಎಳೆದರೆ ತುಂಡಾಗದೆ ಬಂತು:
ಹೊಸ ಕರ್ನಲ್‌ಗೆ ಮಾಡ್ಯೂಲ್ ಕಟ್ಟಲಾಗಿಲ್ಲ.

ಅಷ್ಟೇ. ಕಾರ್ಡು ಸತ್ತಿಲ್ಲ.
ಚಿಂತಾಮಣಿಯ ಸೈಬರ್ ಸೆಂಟರ್ ಮುಚ್ಚಿದಾಗ
ಒಂಬೈನೂರಕ್ಕೆ ತಂದದ್ದು; ಅದರ ಡ್ರೈವರನ್ನು
ಕಂಪನಿಯವರೇ ಕೈಬಿಟ್ಟು ಎಷ್ಟೋ ಕಾಲವಾಯಿತು.
ಹಳಬ. ಹೊಸ ಕರ್ನಲಿನ ಮಾತು
ಅವನಿಗೆ ತಿಳಿಯುವುದಿಲ್ಲ.

"ದೊರಿಕಿಂದಾ?"
ನಿದ್ದೆಗಣ್ಣಲ್ಲಿ ಮನೆಮಾತು ಬಂತು ಅವನಿಗೆ.
"ಸಿಕ್ತು ಅಣ್ಣ. ತಪ್ಪು ನಂದೇ."

ಕಿತ್ತು ಹಾಕಿದೆ, ಮತ್ತೆ ಕಿತ್ತು ಹಾಕಿದೆ. ಆಗಲಿಲ್ಲ.
ಕರೆಂಟು ಹೋಗಿ ಬಂತು, ಯುಪಿಎಸ್ ಕೂಗಿ ಸುಮ್ಮನಾಯಿತು.
ಎರಡು ಗಂಟೆಗೆ, ಬೇರೇನೂ ತೋಚದೆ,
ರೀಸ್ಟಾರ್ಟ್ ಮಾಡಿ ಶಿಫ್ಟ್ ಒತ್ತಿ ಹಿಡಿದು ಕೂತೆ.
ಪಟ್ಟಿ ಬಂತು. ಹೊಸದರ ಕೆಳಗೆ
ಎಸೆಯದೆ ಇಟ್ಟಿದ್ದ ಹಳೇ ಕರ್ನಲ್,
ಹೋದ ತಿಂಗಳದ್ದು.
ಒಂದು ಮೆಟ್ಟಿಲು ಕೆಳಗಿಳಿದು ಎಂಟರ್.

ನೀಲಿ ಬಂತು. ಗಡಿಯಾರ ಬಂತು.
ಫೈಲು ತೆರೆದೆ.
ವೆಂಕಟರವಣಪ್ಪ ಎದ್ದು, ಟವೆಲು ತೆಗೆದು,
ಪರದೆಯ ಹತ್ತಿರ ಬಗ್ಗಿದ.

"ಮೂಗುಬೊಟ್ಟು ಆ ಕಡೆ ಅಲ್ಲಮ್ಮ."

ಮೊಮ್ಮಗಳ ಮೊಬೈಲಿನ ಮುಂದಿನ ಕ್ಯಾಮೆರಾ,
ಎಡ ಬಲ ಅದಲುಬದಲು.
ಮಧ್ಯಾಹ್ನವೆಲ್ಲ ಕಿವಿಯ ಅಂಚು ಕತ್ತರಿಸುತ್ತ
ಇದೇ ಮುಖದ ಮುಂದೆ ಕೂತಿದ್ದೆ ನಾನು.
ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಂಜೆ
ಎದುರು ಕೂತಿದ್ದೆನೋ.

ತಿರುಗಿಸಿದೆ. ಒಂದೇ ಕ್ಲಿಕ್.
"ಹ್ಞಾ" ಅಂದ, ಮತ್ತೇನೂ ಅನ್ನಲಿಲ್ಲ.

ಪ್ರಿಂಟರು ಗಂಟಲು ಸರಿಮಾಡಿಕೊಂಡು
ಹಣೆಯಿಂದ ಶುರುಮಾಡಿತು,
ಗೆರೆ ಕೆಳಗೆ ಗೆರೆ.
ಮೂಗಿನವರೆಗೆ ಬರುವ ತನಕ
ಇಬ್ಬರೂ ಕೂರಲಿಲ್ಲ.