ಮುಖಪುಟ ಮಾತ್ರ

ಬಂದರಿನ ಇದ್ದಿನಬ್ಬ ಬ್ಯಾರಿಯ ಗುಜರಿ ಅಂಗಡಿಯಿಂದ
ವಾರಕ್ಕೆ ಹತ್ತು ಕಿಲೋ ರದ್ದಿ, ಜೆಪ್ಪಿನ ನಮ್ಮ ಮನೆಗೆ.
ಮಾಯಿ ಮೈದಾ ಅಂಟು ಕುದಿಸುವಳು,
ನಾನೂ ಸೆವ್ರಿನಕ್ಕನೂ ಮಡಚುವೆವು:
ಕಾಲು ಕಿಲೋದ ಕವರು, ಅರ್ಧ ಕಿಲೋದ ಕವರು,
ನೂರಕ್ಕೆ ಇಷ್ಟು ಎಂದು ರೇಟು.

ಒಮ್ಮೆ ಹಡಗಿನವರು ಮಾರಿಹೋದ ಕಟ್ಟಿನಲ್ಲಿ
ಬಂದವು ಆ ಪುಸ್ತಕಗಳು.
ಬಿಗಿ ಬಟ್ಟೆಯ ಗಂಡಸರು, ಬೆನ್ನಿಗೊಂದು ಶಾಲು.
ಒಳಪುಟ ಒರಟು, ಅಂಟು ಕುಡಿಯುವ ಕಾಗದ.
ಎಲ್ಲ ಕವರಾಗಿ, ನೆಲಕಡಲೆ ತುಂಬಿಕೊಂಡು
ನೆಹರೂ ಮೈದಾನಿನ ಕಡೆ ಹೋದವು.
ಹೊರಗಿನದು ಮಾತ್ರ ನುಣುಪು,
ಅಂಟು ಹಿಡಿಯದು, ಮಡಚಿದರೆ ತಾನೇ ಬಿಚ್ಚಿಕೊಳ್ಳುವುದು.
‘ಈ ಕವರು ಕವರಾಗುವುದಿಲ್ಲ ಮಾರಾಯ್ತಿ,
ನೀನೇ ಇಟ್ಟುಕೋ.’

ಹಾಗೆ ನನಗೆ ಸಿಕ್ಕಿದ್ದು
ಮೂವತ್ತೊಂದು ಮುಖಪುಟ.
ಕತೆ ಒಂದೂ ಇಲ್ಲ.

ಎಲ್ಲದರ ಕೆಳಮೂಲೆಯಲ್ಲೂ ಅದೇ ಸಹಿ.
ಇಂಗ್ಲಿಷೇ ಇರಬೇಕು; ನನಗೆ ಕಂಡದ್ದು
ಒಂದು ದುಂಡು, ನಡುವೆ ಚುಕ್ಕೆ, ತಲೆಗೊಂದು ಕಟ್ಟು.
ಠ ಮಾಸ್ಟ್ರು ಎಂದೆವು.
ಆ ಮೇಲೆ ಬೇರೆ ಹೆಸರು ಹುಡುಕಲೇ ಇಲ್ಲ.

ಇದನ್ನು ನೋಡು. ಹಳದಿ ಆಕಾಶ.
ಯಾರಿಗೆ ಧೈರ್ಯ ಬಂದೀತು ಹೇಳು,
ಇಡೀ ಆಕಾಶಕ್ಕೆ ಬರೀ ಹಳದಿ ಬಳಿದು
ಒಂದು ಮೋಡವನ್ನೂ ಇಡದೆ ಬಿಡಲು?
ಅದರ ನಡುವೆ ತಲೆಕೆಳಗಾಗಿ ಬೀಳುತ್ತಿದ್ದಾನೆ ನಮ್ಮ ನೀಲಿಯವ.
ಮುಷ್ಟಿ ಹಲಸಿನಕಾಯಿಯಷ್ಟು, ಭುಜ ಗೇರುಬೀಜದಷ್ಟು,
ಪಾದ ಅಲ್ಲೆಲ್ಲೋ ಒಂದು ಸಾಸಿವೆ,
ಮೊಣಕೈ ಇಲ್ಲವೇ ಇಲ್ಲ.
ಸ್ಕೇಲು ಹಿಡಿದರೆ ಎಲ್ಲ ತಪ್ಪು.
ಗೋಡೆಗೆ ಒರಗಿಸಿ ನೋಡು,
ಪೆಟ್ಟು ಬಿದ್ದೀತೆಂದು ನೀನೇ ಮುಖ ಹಿಂದೆಳೆಯುತ್ತೀ.

ಕಪ್ಪು ನೋಡು, ಕಪ್ಪು.
ಗೆರೆ ಗೆರೆ ಎಳೆದು ನೆರಳನ್ನು ಸವೆಸಲಿಲ್ಲ ಪುಣ್ಯಾತ್ಮ.
ಸೀದಾ ಸುರಿದ.
ಅದು ಎಲ್ಲಿ ನಿಂತಿತೋ ಅಲ್ಲಿ ಬೆನ್ನು ಶುರುವಾಯಿತು.

ಶಾಲಿನ ಕೆಂಪು, ಗೆರೆಯಿಂದ ಕೂದಲೆಳೆ ಆಚೆ ಜಾರಿದೆ.
ವೇಗಕ್ಕೆ ಹಾಗೆ ಬಿಡಿಸಿದ್ದು ಎಂದುಕೊಂಡಿದ್ದೆ.
ಆಮೇಲೆ ಬಲ್ಮಠದ ಪ್ರೆಸ್ಸಿನಲ್ಲಿ
ಇಪ್ಪತ್ತಾರು ವರ್ಷ ಬಣ್ಣದ ಪ್ಲೇಟು ಎತ್ತಿಕೊಟ್ಟೆ:
ರಿಜಿಸ್ಟರ್ ತಪ್ಪಿದ್ದು ಅದು, ಮಶೀನಿನವನ ಸೋಮಾರಿತನ.
ಇರಲಿ. ನನಗದು ಈಗಲೂ ವೇಗವೇ.

ಬೀಳುವವ ಬದುಕುತ್ತಾನೋ ಇಲ್ಲವೋ ಎಂದು
ಸೆವ್ರಿನಕ್ಕನಿಗೂ ನನಗೂ ಎರಡು ದಿನ ಮಾತಿರಲಿಲ್ಲ.
ಅವಳು ಹೋಗಿ ಒಂಬತ್ತು ವರ್ಷ.
ಅವ ಇನ್ನೂ ನೆಲ ಮುಟ್ಟಿಲ್ಲ.

ಮೊನ್ನೆ ಅವಳ ಮೊಮ್ಮಗ ಲೆಸ್ಟನ್
ಫೋನಿನಲ್ಲಿ ಇಡೀ ಪುಸ್ತಕವನ್ನೇ ಹುಡುಕಿ ತಂದ.
ಒಳಗೆ ಎಂತ ಉಂಟು ಗೊತ್ತಾ?
ಬೀಳುವುದು ಅವನೇ ಅಲ್ಲ, ಅವನ ಹಾಗಿರುವ ಒಂದು ಗೊಂಬೆ.
ಎರಡೇ ಚೌಕ, ಮುಗಿಯಿತು.
ಬಿಡಿಸಿದ್ದೂ ಬೇರೆ ಯಾರೋ;
ಕೈಯೆಲ್ಲ ಒದ್ದೆ ಕಾಲುಚೀಲದ ಹಾಗೆ ಜೋತು ಬಿದ್ದಿದೆ.
ಆಕಾಶ ಅಂತೂ ಎಲ್ಲರ ಆಕಾಶದ ಹಾಗೆ ನೀಲಿ.
ಠ ಮಾಸ್ಟ್ರು ಹೊಸ್ತಿಲು ದಾಟಿಯೇ ಇಲ್ಲ.

‘ಮೋಸ ಅಲ್ವಾ ಇದು!’ ಎಂದ ಹುಡುಗ.
ಎಂತ ಹೇಳುವುದು?
ನನ್ನ ಮಾಯಿಯೂ ಕವರು ಮಾಡಿದವಳೇ.
ಒಳಗೆ ಯಾರು ಏನು ತುಂಬುತ್ತಾರೆಂದು
ಒಮ್ಮೆಯೂ ಕೇಳಿದವಳಲ್ಲ;
ಮಡಿಕೆಯ ಮೂಲೆ ಸೊಟ್ಟವಾದರೆ ಮಾತ್ರ
ಗೆಣ್ಣಿಗೆ ಪೆಟ್ಟು ಕೊಡುವಳು.

ಮತ್ತೆ ಅವನಿಗೆ ಆ ಸಣ್ಣವನನ್ನು ತೋರಿಸಿದೆ.
ಕೆಳಗೆ ಗುಂಪು, ಎಲ್ಲರ ಬೆರಳೂ ಮೇಲೆ, ಬಾಯಿ ಆ.
ಬದಿಯಲ್ಲೊಬ್ಬ, ಟೊಪ್ಪಿ ಹಾಕಿದವ, ತಲೆ ತಗ್ಗಿಸಿ ನಿಂತಿದ್ದಾನೆ.
ಮೂವತ್ತೊಂದರಲ್ಲಿ ಹತ್ತೊಂಬತ್ತರಲ್ಲಿ ಇದ್ದಾನೆ, ಎಣಿಸಿದ್ದೇನೆ.
ಒಮ್ಮೆಯೂ ಮೇಲೆ ನೋಡಿದವನಲ್ಲ.
ಪ್ರಾರ್ಥನೆ ಎಂದಿದ್ದಳು ಸೆವ್ರಿನಕ್ಕ;
ನಾನು, ಚಿಲ್ಲರೆ ಬಿದ್ದಿರಬೇಕು ಎಂದಿದ್ದೆ.
ಈ ಹಳದಿಯದ್ದರಲ್ಲಿ ಅವನ ಕೈಯ ಮೇಲೆಯೇ
ನಮ್ಮ ಮೈದಾದ ಕಲೆ.

ಲೆಸ್ಟನ್ ಎರಡು ಬೆರಳಲ್ಲಿ ಫೋನು ಹಿಗ್ಗಿಸಿದ.
ಕಲೆ ಇಲ್ಲದ ಪ್ರತಿ ಅದು, ಯಾರ ಮನೆಯದ್ದೋ.
ಟೊಪ್ಪಿಯವನ ಎಡಗೈಯಲ್ಲಿ
ಕಾಗದದ ಒಂದು ಪೊಟ್ಟಣ.

ನೆಲಕಡಲೆಯೇ ಇರಬೇಕು.